ಕುಡಿತ ಬಿಟ್ಟು ಹದಿನಾಲ್ಕು ತಿಂಗಳು, ಮನೆಯವರು ಇನ್ನೂ ನಂಬುತ್ತಿಲ್ಲ

ಗೋಕುಲ್ ರೋಡ್ ಫಿಟ್ಟರ್ · ಮಾರ್ಚ್ 9, ರಾತ್ರಿ 11:40

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾನು ಹುಬ್ಬಳ್ಳಿಯವನು, ವಯಸ್ಸು 43, ಫ್ಯಾಕ್ಟರಿಯಲ್ಲಿ ಫಿಟ್ಟರ್. ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಯಿತು. ದೇವರ ಕೃಪೆ, ಒಂದು ಹನಿಯೂ ಮುಟ್ಟಿಲ್ಲ. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ಬುಧವಾರದ ಪ್ರಾರ್ಥನೆ ಕೂಟಕ್ಕೂ ಹೋಗುತ್ತೇನೆ. ಎಟಿಎಂ ಕಾರ್ಡು ಹೆಂಡತಿ ಕೈಯಲ್ಲಿದೆ, ನಾನೇ ಕೊಟ್ಟಿದ್ದು.

ಮೊನ್ನೆ ಶುಕ್ರವಾರ ಮಷೀನ್ ಕೆಟ್ಟು ಎರಡು ತಾಸು ಜಾಸ್ತಿ ನಿಲ್ಲಬೇಕಾಯಿತು. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಮನೆ ಮುಟ್ಟಿದಾಗ ಹತ್ತೂವರೆ. ಹೆಂಡತಿ ಬಾಗಿಲು ತೆಗೆದಳು. ಒಂದು ಮಾತಿಲ್ಲ, ಮುಖ ಹತ್ತಿರ ತಂದು ಮೂಸಿ ನೋಡಿದಳು. ಮಗಳು ಸೆಕೆಂಡ್ ಪಿಯುಸಿ, ಪರೀಕ್ಷೆಗೆ ಓದುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಪುಸ್ತಕ ಮುಚ್ಚಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. "ಇನ್ನೂ ಎಷ್ಟು ದಿನ ನನ್ನನ್ನು ಕಳ್ಳನ ಹಾಗೆ ನೋಡುತ್ತೀರಿ" ಅಂತ ಕೂಗಿ ಕೈಯಲ್ಲಿದ್ದ ಊಟದ ಡಬ್ಬಿಯನ್ನು ಗೋಡೆಗೆ ಎಸೆದೆ. ಒಳಗೆ ಮಗಳು ಅಳುವುದು ಕೇಳಿಸಿತು.

ನಾನು ಕುಡಿದಿರಲಿಲ್ಲ. ಆದರೆ ಆ ರಾತ್ರಿ ಮನೆ ಹಳೆಯ ರಾತ್ರಿಗಳ ಹಾಗೇ ಇತ್ತು.

ಇನ್ನೊಂದು ವಿಷಯ. ಮೇ ತಿಂಗಳಲ್ಲಿ ಹೆಂಡತಿಯ ಅಣ್ಣನ ಮಗನ ಮದುವೆ. ಅವರು ಇವಳಿಗೆ ಫೋನ್ ಮಾಡಿ "ನಿನ್ನ ಗಂಡ ಬರಲೇಬೇಕಾ" ಅಂತ ಕೇಳಿದ್ದು ಪಕ್ಕದಲ್ಲೇ ಕೂತಿದ್ದ ನನಗೆ ಕೇಳಿಸಿತು. ಐದು ವರ್ಷದ ಹಿಂದೆ ಅವರ ಮನೆಯ ಇನ್ನೊಂದು ಮದುವೆಯಲ್ಲಿ ನಾನು ಮಾಡಿದ್ದನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಕ್ರಿಸ್ತನಲ್ಲಿರುವವನು ಹೊಸ ಸೃಷ್ಟಿ, ಹಳೆಯದು ಹೋಯಿತು ಅಂತ ವಾಕ್ಯ ಇದೆ. ದೇವರು ಕ್ಷಮಿಸಿದ್ದಾನೆ ಅಂತ ನಾನು ನಂಬಿದ್ದೇನೆ. ಮನೆಯವರು ಯಾವಾಗ ನಂಬುತ್ತಾರೆ? ಹೀಗೇ ಆದರೆ ಬಿಟ್ಟು ಏನು ಪ್ರಯೋಜನ ಅನ್ನುವ ಯೋಚನೆ ನಿನ್ನೆ ಬಂತು. ಆ ಯೋಚನೆ ಬಂದದ್ದೇ ನನಗೆ ಹೆದರಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಸಾಸಿವೆ ಕಾಳು · ಮಾರ್ಚ್ 10, ಬೆಳಿಗ್ಗೆ 6:15

ಬ್ರದರ್, ಹದಿನಾಲ್ಕು ತಿಂಗಳು ಅಂದರೆ ಸಣ್ಣ ಮಾತಲ್ಲ. ಓದಿ ಕಣ್ಣು ತುಂಬಿ ಬಂತು. ದಯವಿಟ್ಟು ಈಗ ಕೈ ಬಿಡಬೇಡಿ. ಮನೆಯವರ ಜೊತೆ ಕೂತು ಬೈಬಲಿನ ಮತ್ತಾಯ 18 ಓದಿ. ಏಳೆಪ್ಪತ್ತು ಸಲ ಕ್ಷಮಿಸಬೇಕು ಅಂತ ಯೇಸು ಹೇಳಿದ್ದಾನೆ. ಅವರೂ ವಿಶ್ವಾಸಿಗಳು ಅಲ್ವಾ, ಅವರಿಗೂ ಆ ಮಾತು ಮುಟ್ಟಬೇಕು. ನಾನು ಇವತ್ತು ನಿಮ್ಮ ಹೆಸರಿಲ್ಲದೆಯೇ ನಿಮಗಾಗಿ ಪ್ರಾರ್ಥನೆ ಮಾಡುತ್ತೇನೆ.

ಬೆಳಗಿನ ರೊಟ್ಟಿ · ಮಾರ್ಚ್ 10, ಮಧ್ಯಾಹ್ನ 2:05

ಅಣ್ಣ, ನಾನು ಗದಗಿನವಳು. ನನ್ನ ಯಜಮಾನರು ಕುಡಿತ ಬಿಟ್ಟು ಒಂಬತ್ತು ವರ್ಷ ಆಯಿತು. ಬಾಗಿಲಿನ ಒಳಗೆ ನಿಂತವಳಾಗಿ ನಾಲ್ಕು ಮಾತು ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅವರು ಕುಡಿಯುತ್ತಿದ್ದ ದಿನಗಳಲ್ಲಿ ನನಗೆ ಸ್ಕೂಟರ್ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಗೇಟಿನ ಕೊಂಡಿ ಮೊದಲನೇ ಸಲಕ್ಕೆ ಸಿಕ್ಕಿತೋ, ಮೂರು ಸಲ ತಡಕಾಡಿದರೋ, ಅದರ ಮೇಲೆ ಮಕ್ಕಳನ್ನು ಮಲಗಿಸಬೇಕೋ, ಪಕ್ಕದ ಮನೆಗೆ ಕಳಿಸಬೇಕೋ ಅಂತ ಲೆಕ್ಕ ಹಾಕುತ್ತಿದ್ದೆ. ಹನ್ನೆರಡು ವರ್ಷ ಹಾಗೆ ಬದುಕಿದವಳ ಮೈ, ಅವರು ಬಿಟ್ಟರು ಅಂದ ಮಾತ್ರಕ್ಕೆ ಒಂದೇ ಸಲ ಸುಮ್ಮನಾಗುವುದಿಲ್ಲ. ಅವರು ಬಿಟ್ಟ ಮೇಲೂ ಎರಡು ವರ್ಷ ಸಿಲಿಂಡರ್ ದುಡ್ಡನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದೆ. ಅವರ ಮೇಲೆ ದ್ವೇಷ ಇಟ್ಟುಕೊಂಡು ಬಚ್ಚಿಟ್ಟಿದ್ದಲ್ಲ. ಕೈ ತಾನಾಗಿಯೇ ಆ ಕಡೆ ಹೋಗುತ್ತಿತ್ತು.

ನಿಮ್ಮ ಮನೆಯವರು ಮೂಸಿ ನೋಡಿದ್ದು ನಿಮ್ಮನ್ನು ಅವಮಾನಿಸಲಿಕ್ಕೆ ಅಂತ ನನಗೆ ಅನಿಸುವುದಿಲ್ಲ. ಹತ್ತೂವರೆ ರಾತ್ರಿ, ಫೋನ್ ಸ್ವಿಚ್ ಆಫ್. ಆ ಎರಡು ತಾಸು ಅವರು ಹೇಗೆ ಕಳೆದಿರಬಹುದು ಅಂತ ನೀವು ಕೇಳಿದಿರಾ?

ಸಾಸಿವೆ ಕಾಳು ತಮ್ಮನಿಗೆ ಒಂದು ಮಾತು. ಏಳೆಪ್ಪತ್ತು ಸಲದ ಮಾತನ್ನು ಯೇಸು ಹೇಳಿದ್ದು ತನ್ನ ಶಿಷ್ಯ ಪೇತ್ರನಿಗೆ. "ನಾನು ಎಷ್ಟು ಸಲ ಕ್ಷಮಿಸಬೇಕು" ಅಂತ ಕೇಳಿದವನು ಅವನು. ತಪ್ಪು ಮಾಡಿದವನ ಕೈಗೆ ಆ ವಾಕ್ಯ ಕೊಟ್ಟು, ಹೋಗಿ ನಿನ್ನ ಹೆಂಡತಿಗೆ ತೋರಿಸು ಅಂತ ಯೇಸು ಹೇಳಲಿಲ್ಲ. ನನಗೆ ಆ ವಾಕ್ಯವನ್ನು ಎಷ್ಟೋ ಜನ ತೋರಿಸಿದರು, ಅವರು ಕುಡಿಯುತ್ತಿದ್ದ ಕಾಲದಲ್ಲೂ ತೋರಿಸಿದರು. ಪ್ರತಿ ಸಲ ನನಗೆ ನನ್ನ ಬಾಯಿ ಮುಚ್ಚಿಸಿದ ಹಾಗೆ ಆಗುತ್ತಿತ್ತು. ಕ್ಷಮಿಸುವುದು ಬೇರೆ, ಎಟಿಎಂ ಕಾರ್ಡು ವಾಪಸ್ ಕೊಡುವುದು ಬೇರೆ. ಮೊದಲನೆಯದನ್ನು ನಾನು ಬೇಗ ಮಾಡಿದೆ. ಎರಡನೆಯದಕ್ಕೆ ನಾಲ್ಕು ವರ್ಷ ಬೇಕಾಯಿತು.

ಅಣ್ಣಂದಿರೇ ಗುಲಾಮನಾಗಿ ಮಾರಿದ್ದ ಯೋಸೇಫನನ್ನು ನೋಡಿ. ಅಣ್ಣಂದಿರನ್ನು ಕಂಡ ದಿನವೇ ಅವನು "ನಾನೇ ಯೋಸೇಫ" ಅನ್ನಲಿಲ್ಲ. ಅವರ ಚೀಲದಲ್ಲಿ ದುಡ್ಡು ಇಡಿಸಿದ, ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾನಪಾತ್ರೆ ಇಡಿಸಿದ. ಹಿಂದೆ ನನ್ನನ್ನು ಮಾರಿದ ಹಾಗೆ ಈ ತಮ್ಮನನ್ನೂ ಬಿಟ್ಟು ಹೋಗುತ್ತಾರಾ ಅಂತ ನೋಡಿದ. ಅಣ್ಣ ಯೂದ ಮುಂದೆ ಬಂದು "ಹುಡುಗನ ಬದಲು ನನ್ನನ್ನು ಇಟ್ಟುಕೋ" ಅಂದ ಮೇಲೆಯೇ ಅವನಿಗೆ ಅಳು ತಡೆಯಲಾಗಲಿಲ್ಲ. ಇದು ಆದಿಕಾಂಡ 42ರಿಂದ 45ರ ತನಕ ಇದೆ. ನೋವು ತಿಂದವರು ಪರೀಕ್ಷಿಸಿ ನೋಡುತ್ತಾರೆ ಅಣ್ಣ. ದೇವಭಕ್ತ ಯೋಸೇಫನೇ ನೋಡಿದ.

ಹಳೇ ಕನ್ನಡ ಮೇಷ್ಟ್ರು · ಮಾರ್ಚ್ 10, ಸಂಜೆ 7:30

ಗದಗಿನ ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ನಾನು ನಲವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದವನು. ಪೌಲನ ಕಥೆ ಹೇಳುವಾಗ ದಮಸ್ಕದ ದಾರಿಯಲ್ಲಿ ಬೆಳಕು ಹೊಳೆದು ಯೇಸುವಿನ ದರ್ಶನ ಆದ ಕಡೆ ಜಾಸ್ತಿ ನಿಲ್ಲುತ್ತಿದ್ದೆ, ಆಮೇಲಿನದನ್ನು ಬೇಗ ದಾಟಿಬಿಡುತ್ತಿದ್ದೆ. ಈಗ ವಯಸ್ಸಾದ ಮೇಲೆ ಆಮೇಲಿನದೇ ಮುಖ್ಯ ಅನಿಸುತ್ತದೆ.

ಫಿಟ್ಟರ್ ತಮ್ಮ, ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ನಿಧಾನವಾಗಿ ಓದಿ. ಸೌಲ ಅಂದರೆ ಈ ಪೌಲನೇ. ಅವನು ಯೇಸುವನ್ನು ನಂಬಿದವರ ಮನೆಮನೆಗೆ ನುಗ್ಗಿ ಗಂಡಸರನ್ನೂ ಹೆಂಗಸರನ್ನೂ ಎಳೆದುಕೊಂಡು ಹೋಗಿ ಸೆರೆಗೆ ಹಾಕಿಸುತ್ತಿದ್ದವನು. ಕರ್ತನೇ ದರ್ಶನದಲ್ಲಿ ಬಂದು ಅವನ ಹತ್ತಿರ ಹೋಗು ಅಂದಾಗಲೂ ದಮಸ್ಕದ ಶಿಷ್ಯ ಅನನೀಯ, ಸ್ವಾಮಿ, ಆ ಮನುಷ್ಯ ಎಷ್ಟೆಲ್ಲ ಕೇಡು ಮಾಡಿದ್ದಾನೆ ಅಂತ ಕೇಳಿದ್ದೇನೆ ಅನ್ನುತ್ತಾನೆ. ಸೌಲ ಯೆರೂಸಲೇಮಿಗೆ ಬಂದು ಶಿಷ್ಯರ ಜೊತೆ ಸೇರಬೇಕು ಅಂತ ನೋಡಿದರೆ ಅವರೆಲ್ಲ ಹೆದರಿದರು, ಅವನು ಶಿಷ್ಯ ಅಂತಲೇ ನಂಬಲಿಲ್ಲ. ಪೌಲನೇ ಗಲಾತ್ಯದವರಿಗೆ ಬರೆದ ಪ್ರಕಾರ ದರ್ಶನ ಆಗಿ ಅವನು ಯೆರೂಸಲೇಮಿಗೆ ಹೋಗುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಮೂರು ವರ್ಷ ಆಗಿದ್ದರೂ ನಂಬಲಿಲ್ಲ! ಆ ಕೋಣೆಯಲ್ಲಿ ಕೂತವರಲ್ಲಿ ಅಣ್ಣನನ್ನೋ ಅಕ್ಕನನ್ನೋ ಅವನ ಕೈಯಿಂದಲೇ ಸೆರೆಗೆ ಕಳಿಸಿಕೊಂಡವರು ಇದ್ದಿರಬೇಕು. ಅವರ ಹೆದರಿಕೆಯನ್ನು ಬೈಬಲ್ ಎಲ್ಲೂ ತಪ್ಪು ಅನ್ನುವುದಿಲ್ಲ. ಅವರ ಮೇಲೆ ಸೌಲ ಸಿಟ್ಟಾದ ಅಂತಲೂ ಆ ಅಧ್ಯಾಯದಲ್ಲಿ ಇಲ್ಲ.

ಅಲ್ಲಿ ಬಾರ್ನಬ ಬರುತ್ತಾನೆ. ಸೌಲನನ್ನು ಕರೆದುಕೊಂಡು ಹೋಗಿ ಅಪೊಸ್ತಲರ ಮುಂದೆ ನಿಲ್ಲಿಸಿ, ಇವನ ವಿಷಯ ನಾನು ಹೇಳುತ್ತೇನೆ ಅಂತ ಮಾತಾಡುತ್ತಾನೆ. ತನ್ನ ಹೆಸರನ್ನು ಅವನ ಮೇಲೆ ಪಣಕ್ಕಿಟ್ಟ. ಆಮೇಲೆ ಸೌಲ ತನ್ನ ಊರು ತಾರ್ಸಕ್ಕೆ ಹೋಗಿ ಕೂತಾಗಲೂ ಹುಡುಕಿಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರೆತಂದವನು ಇದೇ ಬಾರ್ನಬ.

ಇನ್ನೂ ಒಂದು ಇದೆ, ಇದು ನನ್ನನ್ನು ಬಹಳ ಕಾಡಿದ್ದು. ಮಾರ್ಕ ಅನ್ನುವ ಹುಡುಗ ಸುವಾರ್ತೆ ಸಾರುವ ಪ್ರಯಾಣದ ನಡುವೆ ಪಂಫುಲ್ಯದಲ್ಲಿ ಪೌಲ ಬಾರ್ನಬರನ್ನು ಬಿಟ್ಟು ಮನೆಗೆ ಹೋಗಿಬಿಟ್ಟಿದ್ದ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದುಕೊಳ್ಳೋಣ ಅಂತ ಬಾರ್ನಬ ಅಂದರೆ ಪೌಲ ಒಪ್ಪಲಿಲ್ಲ. ತೀಕ್ಷ್ಣ ವಾಗ್ವಾದ ಆಗಿ ಇಬ್ಬರೂ ಬೇರೆ ಬೇರೆ ಆದರು. ಒಂದು ಕಾಲಕ್ಕೆ ಯಾರೂ ನಂಬದೆ ಇದ್ದ ಪೌಲನಿಗೇ ಇನ್ನೊಬ್ಬನನ್ನು ನಂಬಲು ಆಗಲಿಲ್ಲ. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹೋದ. ವರ್ಷಗಳಾದ ಮೇಲೆ ಪೌಲ ತಿಮೊಥೆಯನಿಗೆ ಬರೆಯುವಾಗ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಅನ್ನುತ್ತಾನೆ. ನಡುವೆ ಎಷ್ಟು ಊರು, ಎಷ್ಟು ಹಡಗು, ಎಷ್ಟು ಸೆರೆಮನೆ ದಾಟಿಹೋದವು ನೋಡಿ.

ನನ್ನ ಪ್ರಶ್ನೆ ನಿಮಗಿಂತ ನಿಮ್ಮ ಸಭೆಯವರಿಗೆ, ಅಂದರೆ ಚರ್ಚಿನವರಿಗೆ. ಈ ಹದಿನಾಲ್ಕು ತಿಂಗಳಲ್ಲಿ ನಿಮ್ಮ ಪಕ್ಕ ಬಂದು ಕೂತು ನಿಮ್ಮ ಜೊತೆ ಮನೆತನಕ ನಡೆದು ಬಂದವರು ಒಬ್ಬರಾದರೂ ಇದ್ದಾರಾ?

ಗೋಕುಲ್ ರೋಡ್ ಫಿಟ್ಟರ್ · ಮಾರ್ಚ್ 10, ರಾತ್ರಿ 10:50

ಮೇಷ್ಟ್ರೇ, ಇಲ್ಲ. "ಹೇಗಿದ್ದೀರಿ, ಪ್ರೈಸ್ ದ ಲಾರ್ಡ್" ಅನ್ನುತ್ತಾರೆ. ಮನೆಗೆ ಯಾರೂ ಬಂದಿಲ್ಲ. ನಾನೂ ಯಾರನ್ನೂ ಕರೆದಿಲ್ಲ ಅನ್ನುವುದೂ ನಿಜ.

ಗದಗಿನ ಅಕ್ಕ, ಆ ಎರಡು ತಾಸಿನ ಬಗ್ಗೆ ನಾನು ಕೇಳಿರಲಿಲ್ಲ. ನನಗೆ ನನ್ನ ಎರಡು ತಾಸು ಮಾತ್ರ ಲೆಕ್ಕಕ್ಕೆ ಬಂದಿತ್ತು.

ಎರಡನೇ ಶಿಫ್ಟ್ ನರ್ಸ್ · ಮಾರ್ಚ್ 11, ಬೆಳಿಗ್ಗೆ 9:20

ನಾನು ನರ್ಸ್, ಕುಡಿತ ಬಿಡಿಸುವ ವಾರ್ಡಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ವಾಕ್ಯದ ಮಾತು ದೊಡ್ಡವರು ಹೇಳಿದ್ದಾರೆ, ನಾನು ಮೈಯ ಮಾತು ಹೇಳುತ್ತೇನೆ.

ಬ್ರದರ್, ಬಿಟ್ಟು ತಿಂಗಳುಗಳಾದರೂ ಕೆಲವರಿಗೆ ನಿದ್ದೆ ಸರಿ ಬರುವುದಿಲ್ಲ, ಸಣ್ಣದಕ್ಕೂ ಸಿಟ್ಟು ಬರುತ್ತದೆ, ಮನಸ್ಸು ಕುಗ್ಗುತ್ತದೆ. ಇದು ನಂಬಿಕೆ ಕಮ್ಮಿ ಇರುವುದರ ಗುರುತು ಅಂದುಕೊಳ್ಳಬೇಡಿ. ಅವತ್ತು ನೀವು ಹಸಿದಿದ್ದಿರಿ, ಡಬಲ್ ದಣಿದಿದ್ದಿರಿ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದಾದರೂ ಜಾಸ್ತಿ ಆದಾಗ ಹುಷಾರಾಗಿರಿ ಅಂತ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಕೂಟ) ಮೀಟಿಂಗಿನಲ್ಲಿ ಹೇಳುತ್ತಾರೆ. ನಿಮಗೆ ನಾಲ್ಕೂ ಇತ್ತು. "ಬಿಟ್ಟು ಏನು ಪ್ರಯೋಜನ" ಅನ್ನುವ ಯೋಚನೆ ಮತ್ತೆ ಬಂದರೆ ಡಾಕ್ಟರ ಹತ್ತಿರ ಹೋಗಿ ಹಾಗೇ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಅದರ 14416 ನಂಬರಿಗೆ ದುಡ್ಡಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವ್ಯಸನದ ವಿಷಯಕ್ಕೇ ಅಂತ 14446 ಇದೆ.

ಇದನ್ನು ಓದುತ್ತಿರುವ ಬೇರೆಯವರಿಗೂ ಎರಡು ಮಾತು. ದಿನಾ ಜಾಸ್ತಿ ಕುಡಿಯುವವರು ಉಪವಾಸ ಪ್ರಾರ್ಥನೆ ಅಂತ ಒಂದೇ ಸಲ ನಿಲ್ಲಿಸಿ ಕೋಣೆಯಲ್ಲಿ ಕೂರಬೇಡಿ. ಮೊದಲ ಮೂರ್ನಾಲ್ಕು ದಿನ ಕೈಕಾಲು ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಂಡು ಜೀವಕ್ಕೇ ಅಪಾಯ ಆಗಬಹುದು. ಆಸ್ಪತ್ರೆಯಲ್ಲಿ ಇದ್ದು ಬಿಡಿ, ಹಾಸಿಗೆ ಪಕ್ಕ ಪ್ರಾರ್ಥನೆಗೆ ಯಾರೂ ಬೇಡ ಅನ್ನುವುದಿಲ್ಲ. ಇನ್ನೊಂದು, ಕುಡಿತ ಬಿಡಿಸುವ ಮಾತ್ರೆಯನ್ನು ಗೊತ್ತಿಲ್ಲದ ಹಾಗೆ ಊಟದಲ್ಲಿ ಬೆರೆಸಿ ಕೊಡುವುದು ದೊಡ್ಡ ತಪ್ಪು. ಆ ಮಾತ್ರೆಯ ಮೇಲೆ ಅವರು ಕುಡಿದರೆ ಬಿಪಿ ಬಿದ್ದು ಸಾಯಲೂಬಹುದು. ಪ್ರೀತಿಯಿಂದಲೇ ಮಾಡಿದವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಗಿದ್ಯೋನನ ಕಹಳೆ · ಮಾರ್ಚ್ 11, ರಾತ್ರಿ 8:45

ಇದೆಲ್ಲ ಸೈತಾನನ ಹೋರಾಟ ಬ್ರದರ್. ಸಿಟ್ಟಿನ ಆತ್ಮ ಇನ್ನೂ ಒಳಗೆ ಇದೆ. ಬಿಡುಗಡೆ ಪ್ರಾರ್ಥನೆಗೆ ಬನ್ನಿ, ಒಂದೇ ರಾತ್ರಿಯಲ್ಲಿ ದೇವರು ಪೂರ್ತಿ ತೊಳೆಯುತ್ತಾನೆ. ನನಗೆ ಹಾಗೆ ಆಗಿದೆ. 2011ರಲ್ಲಿ ಒಂದೇ ರಾತ್ರಿಯಲ್ಲಿ ಸಿಗರೇಟು ಬಿಟ್ಟೆ, ಆಮೇಲೆ ಅದರ ಆಸೆಯೂ ಬಂದಿಲ್ಲ. ಸಾಕ್ಷಿಯಾಗಿ ಹೇಳುತ್ತಿದ್ದೇನೆ.

ಹಳೇ ಕನ್ನಡ ಮೇಷ್ಟ್ರು · ಮಾರ್ಚ್ 12, ಬೆಳಿಗ್ಗೆ 7:00

ಗಿದ್ಯೋನ ತಮ್ಮ, ನಿಮಗೆ ದೇವರು ಹಾಗೆ ಮಾಡಿದ್ದಕ್ಕೆ ಸ್ತೋತ್ರ. ಆದರೆ ಎಲ್ಲರಿಗೂ ಹಾಗೇ ಮಾಡುತ್ತಾನೆ ಅಂತ ಹೇಳಲು ಬರುವುದಿಲ್ಲ. ಮಾರ್ಕ 8ರಲ್ಲಿ ಬೇತ್ಸಾಯಿದದ ಕುರುಡನ ಕಥೆ ಇದೆ. ಯೇಸು ಕೈಯಿಟ್ಟು "ಏನಾದರೂ ಕಾಣುತ್ತದಾ" ಅಂತ ಕೇಳಿದ. ಅವನು ಸುಳ್ಳು ಹೇಳಲಿಲ್ಲ. ಮನುಷ್ಯರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಕಾಣುತ್ತಾರೆ ಅಂದ. ಯೇಸು ಬೈಯಲಿಲ್ಲ, ಇನ್ನೊಂದು ಸಲ ಕೈಯಿಟ್ಟ. ಎರಡನೇ ಸಲ ಮುಟ್ಟಬೇಕಾಯಿತು ಅಂತ ಮೊದಲನೆಯದು ಸೋತಿತು ಅನ್ನುವ ಹಾಗಿಲ್ಲ. ನಮ್ಮ ಫಿಟ್ಟರ್ ತಮ್ಮನಿಗೆ ಈಗ ಮನುಷ್ಯರು ಮರದ ಹಾಗೆ ಕಾಣುತ್ತಿದ್ದಾರೆ, ಹೆಂಡತಿಯ ಹೆದರಿಕೆ ಸ್ಪಷ್ಟ ಕಾಣುತ್ತಿಲ್ಲ. ಅದನ್ನು ಅವರು ನಿಜವಾಗಿ ಹೇಳಿಕೊಂಡಿದ್ದಾರೆ. ನನಗೆ ಅದೇ ಸಂತೋಷ.

ಇವತ್ತೊಂದು ದಿನ · ಮಾರ್ಚ್ 12, ರಾತ್ರಿ 9:30

ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ನಾನು ಕ್ಯಾಥೊಲಿಕ್, ಕುಡಿತ ಬಿಟ್ಟು ಹನ್ನೊಂದು ವರ್ಷ, ಎಎಗೆ ಹೋಗುವವನು.

ನನ್ನ ಕಥೆಯಲ್ಲಿ ಒಂದು ಭಾಗ ಮಾತ್ರ ಹೇಳುತ್ತೇನೆ. ಮೊದಲ ಸಲ ಬಿಟ್ಟಾಗ ಮೂರನೇ ತಿಂಗಳಿಗೇ ನನ್ನನ್ನು ಒಂದು ದೊಡ್ಡ ಕೂಟದಲ್ಲಿ ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸಿದರು. ಜನ ಚಪ್ಪಾಳೆ ಹೊಡೆದರು. ನನ್ನ ಹೆಂಡತಿ ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಆ ಹಿಂದಿನ ವಾರವಷ್ಟೇ ನಾನು ಅವಳ ಮೇಲೆ ಕೈ ಎತ್ತಿದ್ದೆ, ಕುಡಿಯದೆಯೇ. ಐದನೇ ತಿಂಗಳಿಗೆ ಮತ್ತೆ ಬಿದ್ದೆ. ಕರೆದವರ ಮನಸ್ಸು ಒಳ್ಳೆಯದೇ, ನನಗೆ ಅದು ತುಂಬಾ ಬೇಗ ಆಯಿತು. ಊರಿಗೆಲ್ಲ ಬದಲಾದೆ ಅಂತ ಹೇಳಿದ ಮೇಲೆ ಮನೆಯಲ್ಲಿ ಇನ್ನೂ ಬದಲಾಗಬೇಕಾದ್ದು ನನಗೆ ಕಾಣಿಸಲೇ ಇಲ್ಲ.

ಎಎ ಕ್ರೈಸ್ತರದ್ದಾ ಅಂತ ಯಾರೋ ನನಗೆ ಕೇಳಿದ್ದರು. ಅಲ್ಲ, ಎಲ್ಲ ಧರ್ಮದವರೂ ಬರುತ್ತಾರೆ, ದೇವರನ್ನು ನಂಬದವರೂ ಬರುತ್ತಾರೆ. ಆದರೆ 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಅದನ್ನು ಶುರು ಮಾಡಿದ ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಅನ್ನುವ ಕ್ರೈಸ್ತ ಕೂಟದ ಹಿನ್ನೆಲೆಯವರು, ಮೊದಲ ದಿನಗಳಲ್ಲಿ ಬೈಬಲಿನ ಯಾಕೋಬನ ಪತ್ರಿಕೆ ತುಂಬಾ ಓದುತ್ತಿದ್ದರು. ನಿಮ್ಮ ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಅಂತ ಆ ಪತ್ರಿಕೆಯ 5ನೇ ಅಧ್ಯಾಯದಲ್ಲಿದೆಯಲ್ಲ, ಅದು ನಮ್ಮ ಮೀಟಿಂಗಿನಲ್ಲಿ ವಾರವಾರವೂ ನಡೆಯುತ್ತದೆ. ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು, ಯಾರ್ಯಾರಿಗೆ ನೋವು ಮಾಡಿದ್ದೇನೆ ಅಂತ ಪಟ್ಟಿ ಬರೆಯುವುದು. ಒಂಬತ್ತನೆಯದು, ಆದಷ್ಟು ಅವರಿಗೇ ನೇರವಾಗಿ ಸರಿಪಡಿಸಿ ಕೊಡುವುದು. ಹಾಗೆ ಮಾಡಿದರೆ ಅವರಿಗೋ ಬೇರೆಯವರಿಗೋ ನೋವಾಗುತ್ತದೆ ಅಂದರೆ ಮಾತ್ರ ಬಿಡಬೇಕು.

ನನ್ನ ಪಟ್ಟಿಯಲ್ಲಿ ಕಿರಾಣಿ ಅಂಗಡಿಯ ನಾಲ್ಕು ಸಾವಿರ ಇತ್ತು. ತಿಂಗಳಿಗೆ ಐನೂರರ ಹಾಗೆ ಎಂಟು ತಿಂಗಳು ಕೊಟ್ಟೆ. ಕೊನೆಯ ಕಂತಿನ ದಿನ ಅಂಗಡಿಯವರು ಸ್ಟೂಲ್ ಎಳೆದು ಕೂರಿ ಅಂದರು. ಬೈಬಲಿನ ಸುಂಕ ವಸೂಲಿಯ ಜಕ್ಕಾಯನನ್ನು ನೋಡಿ, ಯೇಸು ಮನೆಗೆ ಬಂದ ದಿನ "ನಾನು ಬದಲಾದೆ" ಅನ್ನಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಅಂತ ಲೆಕ್ಕ ಕೊಟ್ಟ.

ಈಗ ನೇರವಾಗಿ ಕೇಳುತ್ತೇನೆ. ಆ ಡಬ್ಬಿಗೆ ಕ್ಷಮೆ ಕೇಳಿದಿರಾ? "ಆದರೆ ನೀವು ಹಾಗೆ ನೋಡಿದ್ದಕ್ಕೆ" ಅನ್ನುವ ಬಾಲ ಇಲ್ಲದೆ?

ಬಸ್ ಸ್ಟಾಪಿನ ಮಗಳು · ಮಾರ್ಚ್ 13, ಮಧ್ಯಾಹ್ನ 1:10

ಅಂಕಲ್, ನನಗೆ 26. ಬೆಂಗಳೂರಿನಲ್ಲಿ ಕೆಲಸ. ನನ್ನ ಅಪ್ಪ ಕುಡಿತ ಬಿಟ್ಟಾಗ ನನಗೆ 17, ನಿಮ್ಮ ಮಗಳ ವಯಸ್ಸು ಇರಬೇಕು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು ಅಂತ ಬರೆದಿರಲ್ಲ, ಆ ಚಿಲಕ ನನಗೆ ಗೊತ್ತು.

ಅಪ್ಪ ಬಿಟ್ಟ ಹೊಸದರಲ್ಲಿ "ಯಾಕೆ ನನ್ನ ಜೊತೆ ಮಾತಾಡಲ್ಲ, ಯಾಕೆ ನಗಲ್ಲ, ನಿನಗೋಸ್ಕರ ತಾನೇ ಬಿಟ್ಟಿದ್ದು" ಅಂತ ಕೇಳುತ್ತಿದ್ದರು. ಅದು ನನಗೆ ಬಹಳ ಭಾರ ಆಗುತ್ತಿತ್ತು. ಅವರು ಕುಡಿದಾಗಲೂ ಅವರ ಮೂಡು ನೋಡಿಕೊಂಡು ನಾನಿರಬೇಕು, ಬಿಟ್ಟಾಗಲೂ ಅವರಿಗೆ ಖುಷಿ ಆಗಲಿ ಅಂತ ನಾನು ನಗಬೇಕು. ದಯವಿಟ್ಟು ಮಗಳ ಹತ್ತಿರ ನಗು ಕೇಳಬೇಡಿ.

ಆಮೇಲೆ ಯಾರು ಹೇಳಿದರೋ ಗೊತ್ತಿಲ್ಲ, ಅಪ್ಪ ಕೇಳುವುದನ್ನು ನಿಲ್ಲಿಸಿದರು. ಅದರ ಬದಲು ಸಂಜೆ ಬಸ್ ಸ್ಟಾಪಿಗೆ ಗಾಡಿ ತಂದು ನಿಲ್ಲುತ್ತಿದ್ದರು. ಟ್ಯೂಷನ್ ಮುಗಿದು ನಾನು ಇಳಿಯುವುದು ಏಳು ಹತ್ತಕ್ಕೆ. ಏಳಕ್ಕೇ ಬಂದು ನಿಂತಿರುತ್ತಿದ್ದರು. ಮಾತಿಲ್ಲ. ಬ್ಯಾಗ್ ಮುಂದೆ ಇಟ್ಟುಕೊಳ್ಳುತ್ತಿದ್ದರು, ಹೊರಡುತ್ತಿದ್ದೆವು. ಒಂದೆರಡು ತಿಂಗಳು ಬಸ್ ಇಳಿಯುವ ಮುಂಚೆ ನನ್ನ ಎದೆ ಢವಢವ ಅನ್ನುತ್ತಿತ್ತು, ಇವತ್ತು ಹೇಗೆ ನಿಂತಿದ್ದಾರೋ ಅಂತ. ಆಮೇಲೆ ಒಂದು ದಿನ ಜೋರು ಮಳೆ, ಬಸ್ ಒಂದು ತಾಸು ಲೇಟು. ಇವತ್ತು ಇರಲ್ಲ ಅಂದುಕೊಂಡೇ ಇಳಿದೆ. ಅಂಗಡಿ ಶಟರ್ ಕೆಳಗೆ ಪೂರ್ತಿ ನೆಂದು ನಿಂತಿದ್ದರು. ಅವತ್ತು ನಾನೇ ಮೊದಲು ಮಾತಾಡಿದೆ. "ಚಹಾ ಕುಡಿಯೋಣ ಅಪ್ಪ" ಅಂದೆ ಅಷ್ಟೇ.

ನನಗೆ ಇನ್ನೂ ಪೂರ್ತಿ ಆಗಿಲ್ಲ ಅಂಕಲ್. ಈಗಲೂ ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಮೈ ನಡುಗುತ್ತದೆ. ಆದರೆ ಅಪ್ಪ ಏಳಕ್ಕೆ ಅಂದರೆ ಏಳಕ್ಕೆ ಬರುತ್ತಾರೆ ಅನ್ನುವುದು ನನಗೆ ಗೊತ್ತು.

ಆರು ದಿನ · ಮಾರ್ಚ್ 14, ರಾತ್ರಿ 1:20

ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ನಾನು ಮೂರು ಸಲ ಬಿಟ್ಟು ಮೂರು ಸಲ ಬಿದ್ದವನು. ಇವತ್ತಿಗೆ ಆರು ದಿನ. ಮನೆಯವರು ತವರಿಗೆ ಹೋಗಿದ್ದಾರೆ, ಕರೆಯಲು ನನಗೆ ಮುಖ ಇಲ್ಲ. ಸಭೆಗೆ ಹೋಗಿ ನಾಲ್ಕು ತಿಂಗಳಾಯಿತು. ಪಾಸ್ಟರ್ ಅಯ್ಯನವರು ಹೋದ ಸಲ ಎಲ್ಲರ ಮುಂದೆ ನನಗಾಗಿ ಪ್ರಾರ್ಥನೆ ಮಾಡಿದ್ದರು, ಈಗ ಯಾವ ಮುಖ ಇಟ್ಟುಕೊಂಡು ಒಳಗೆ ಹೋಗಲಿ? ಆರಾಧನೆಯಲ್ಲಿ ಕೊಡುವ ಕರ್ತನ ಭೋಜನದ ರೊಟ್ಟಿಗೆ ಕೈ ಚಾಚಲು ಹೆದರಿಕೆ. ನಿಮ್ಮ ಹದಿನಾಲ್ಕು ತಿಂಗಳು ಓದಿ ಹೊಟ್ಟೆಕಿಚ್ಚಾಯಿತು ಅಣ್ಣ, ಕ್ಷಮಿಸಿ.

ಇವತ್ತೊಂದು ದಿನ · ಮಾರ್ಚ್ 14, ರಾತ್ರಿ 1:32

ತಮ್ಮ, ಎದ್ದಿದ್ದೇನೆ. ಏನಾದರೂ ತಿಂದೆಯಾ? ಮೊದಲು ತಿನ್ನು, ನೀರು ಕುಡಿ. ಬೆಳಗಿನ ತನಕ ನಾನು ಇಲ್ಲೇ ಇರುತ್ತೇನೆ, ಬರೆಯುತ್ತಿರು. ಮೂರು ಸಲ ಬಿದ್ದೆ ಅಂದೆಯಲ್ಲ, ಮೂರು ಸಲ ಎದ್ದೂ ಇದ್ದೀಯ. ನಾನು ಐದು ಸಲ.

ಎರಡನೇ ಶಿಫ್ಟ್ ನರ್ಸ್ · ಮಾರ್ಚ್ 14, ಬೆಳಿಗ್ಗೆ 6:05

ಈಗ ನೋಡಿದೆ. ಆರು ದಿನ ದಾಟಿದ್ದು ಒಳ್ಳೆಯದು, ಆದರೂ ಇವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ನಡುಕ, ಬೆವರು, ಗೊಂದಲ ಇದ್ದರೆ ಒಬ್ಬರೇ ಹೋಗಬೇಡಿ. ನಿದ್ದೆ ಮಾತ್ರೆಯನ್ನು ನೀವೇ ಮೆಡಿಕಲ್ ಶಾಪಿನಿಂದ ತಗೊಳ್ಳಬೇಡಿ. ಎಷ್ಟು ವರ್ಷದಿಂದ ಎಷ್ಟು ಕುಡಿಯುತ್ತಿದ್ದಿರಿ ಅಂತ ನಿಜ ಹೇಳಿ, ಅದರ ಮೇಲೆಯೇ ಔಷಧಿ ಕೊಡುತ್ತಾರೆ.

ಹಳೇ ಕನ್ನಡ ಮೇಷ್ಟ್ರು · ಮಾರ್ಚ್ 14, ಬೆಳಿಗ್ಗೆ 7:15

ಆರು ದಿನದ ಮಗುವೇ, ಯೋಹಾನ ಎರಡು ಕಡೆ ಇದ್ದಲಿನ ಬೆಂಕಿಯ ಮಾತು ಬರೆಯುತ್ತಾನೆ. ಒಂದು 18ನೇ ಅಧ್ಯಾಯದಲ್ಲಿ, ಮಹಾಯಾಜಕನ ಅಂಗಳದಲ್ಲಿ. ಅಲ್ಲಿ ಚಳಿ ಕಾಯಿಸಿಕೊಳ್ಳುತ್ತ ಪೇತ್ರ, ನಾನು ಯೇಸುವಿನ ಶಿಷ್ಯನಲ್ಲ ಅಂದ. ಇನ್ನೊಂದು 21ರಲ್ಲಿ, ಸಮುದ್ರದ ದಡದಲ್ಲಿ. ಆ ಬೆಂಕಿಯನ್ನು ಹಾಕಿದವನು ಯೇಸು. ಮೀನು ಸುಟ್ಟು ರೊಟ್ಟಿ ಇಟ್ಟುಕೊಂಡು "ಬನ್ನಿ, ಊಟ ಮಾಡಿ" ಅಂದ. ಊಟ ಆಗುವ ತನಕ ಪೇತ್ರನಿಗೆ ಏನೂ ಕೇಳಲಿಲ್ಲ. ಆಮೇಲೆ ಮೂರು ಸಲ ಅಲ್ಲ ಅಂದ ಬಾಯಿಗೆ ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ" ಅಂತ ಕೇಳಿದ.

ಭೋಜನದ ವಿಷಯ ನಿಮ್ಮ ಅಯ್ಯನವರ ಹತ್ತಿರ ಒಬ್ಬರೇ ಕೂತು ಮಾತಾಡಿ. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ ಸಾಕು. ಮುಂದೆ ಬರಬೇಕು ಅಂತ ಯಾರಾದರೂ ಎಳೆದರೆ ಈ ಸಲ ಬೇಡ ಅನ್ನಿ.

ಗೋಕುಲ್ ರೋಡ್ ಫಿಟ್ಟರ್ · ಮಾರ್ಚ್ 16, ರಾತ್ರಿ 9:00

ಆರು ದಿನದ ತಮ್ಮ, ನನ್ನ ಮೇಲೆ ಹೊಟ್ಟೆಕಿಚ್ಚು ಬೇಡ. ಆರನೇ ದಿನ ನಾನು ಆಸ್ಪತ್ರೆಯಲ್ಲಿ ಗ್ಲುಕೋಸ್ ಹಾಕಿಸಿಕೊಂಡು ಮಲಗಿದ್ದೆ. ನೀನು ಎದ್ದು ಕೂತು ಬರೆದಿದ್ದೀಯ.

ಶನಿವಾರ ಮನೆಯಲ್ಲಿ ಕ್ಷಮೆ ಕೇಳಿದೆ. ಶಿವಮೊಗ್ಗದ ಅಣ್ಣ ಹೇಳಿದ ಹಾಗೆ ಬಾಲ ಇಲ್ಲದೆ. ಮೂರು ಸಲ ನಾಲಿಗೆ ತುದಿಗೆ "ಆದರೆ" ಬಂತು, ನುಂಗಿಕೊಂಡೆ. ಹೆಂಡತಿಯ ಹತ್ತಿರ ಆ ಎರಡು ತಾಸಿನ ಬಗ್ಗೆ ಕೇಳಿದೆ. ಅವಳು ಮೊದಲು ಏನೂ ಇಲ್ಲ ಅಂದಳು. ಆಮೇಲೆ ಹೇಳಿದಳು, ಮಗಳ ಪುಸ್ತಕ ಎಲ್ಲ ಒಂದು ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಳಂತೆ, ಜಗಳ ಆದರೆ ಪರೀಕ್ಷೆಗೆ ತೊಂದರೆ ಆಗಬಾರದು, ಹಾಗೇ ತಂಗಿ ಮನೆಗೆ ಹೋಗಿಬಿಡೋಣ ಅಂತ. ಆ ಚೀಲ ಅವತ್ತು ನನ್ನ ಕಾಲಿನ ಪಕ್ಕವೇ ಇತ್ತು, ನಾನು ನೋಡಿರಲಿಲ್ಲ.

ಮಗಳು "ಹೂಂ" ಅಂದಳು, ಅಷ್ಟೇ. ನಗು ಕೇಳಲಿಲ್ಲ.

ಮೇಷ್ಟ್ರೇ, ನಮ್ಮ ಸಭೆಯ ಒಬ್ಬ ಹಿರಿಯರ ಹತ್ತಿರ ಹೋಗಿ, ನನ್ನ ಜೊತೆ ವಾರಕ್ಕೊಮ್ಮೆ ಕೂರುತ್ತೀರಾ ಅಂತ ಕೇಳಿದೆ. ನಿವೃತ್ತ ರೈಲ್ವೆ ಗಾರ್ಡ್ ಅವರು. ಸ್ವಲ್ಪ ಹೊತ್ತು ಸುಮ್ಮನಿದ್ದು "ನನ್ನ ಮಗ ಇದರಲ್ಲೇ ಹೋದ, ನನಗೆ ಯಾರೂ ಕೇಳಿರಲಿಲ್ಲ" ಅಂದರು. ಗುರುವಾರ ಬರುತ್ತಾರೆ.

ಮದುವೆಗೆ ಏನು ಮಾಡಲಿ?

ಬೆಳಗಿನ ರೊಟ್ಟಿ · ಮಾರ್ಚ್ 17, ಬೆಳಿಗ್ಗೆ 11:25

ಆ ಚೀಲದ ಮಾತು ಓದಿ ತುಂಬಾ ಹೊತ್ತು ಕೂತೇ ಇದ್ದೆ ಅಣ್ಣ. ನಾನೂ ಒಂದು ಚೀಲ ಇಟ್ಟಿದ್ದೆ.

ಮದುವೆಗೆ ನಿಮ್ಮ ಭಾವನವರಿಗೆ ನೀವೇ ಫೋನ್ ಮಾಡಿ. ಹೆಂಡತಿಯನ್ನು ನಡುವೆ ಇಡಬೇಡಿ, ಆಕೆ ಎರಡೂ ಕಡೆ ಸಾಕಷ್ಟು ಎಳೆಸಿಕೊಂಡಿದ್ದಾಳೆ. "ಅವತ್ತು ನಾನು ಮಾಡಿದ್ದು ತಪ್ಪು. ನಾನು ಬರುವುದು ನಿಮಗೆ ಕಷ್ಟ ಅಂದರೆ ಬರುವುದಿಲ್ಲ, ಬೇಜಾರು ಇಲ್ಲ" ಅನ್ನಿ. ಬೇಡ ಅಂದರೆ ಹೋಗಬೇಡಿ, ಹೆಂಡತಿ ಮಗಳನ್ನು ಖುಷಿಯಾಗಿ ಕಳಿಸಿ. ಬನ್ನಿ ಅಂದರೆ ಚರ್ಚಿನ ಆರಾಧನೆಗೆ ಹೋಗಿ, ಊಟ ಮಾಡಿ, ಎರಡು ಗಂಟೆಗೆ ಹೊರಡಿ. ಹಿಂದಿನ ದಿನದ ರಾತ್ರಿ ಉಳಿಯಬೇಡಿ, ಗಂಡಸರು ಕೂರುವ ಮಾಳಿಗೆ ಹತ್ತಬೇಡಿ.

ಮತ್ತೆ ಯೋಸೇಫನ ಮಾತಿಗೇ ಬರುತ್ತೇನೆ. ಅಣ್ಣಂದಿರನ್ನು ಅಪ್ಪಿ ಅತ್ತು ಹದಿನೇಳು ವರ್ಷ ಆದ ಮೇಲೆ ಅಪ್ಪ ಯಾಕೋಬ ತೀರಿಕೊಂಡ. ಆಗಲೂ ಅಣ್ಣಂದಿರಿಗೆ ಇವನು ಈಗ ಸೇಡು ತೀರಿಸುತ್ತಾನೇನೋ ಅಂತ ಹೆದರಿಕೆ. ಅದನ್ನು ಕೇಳಿ ಯೋಸೇಫ ಅತ್ತ ಅಂತ ಇದೆ. ಹದಿನೇಳು ವರ್ಷ ಒಟ್ಟಿಗೆ ಇದ್ದರೂ ಒಂದು ಮೂಲೆಯಲ್ಲಿ ಹೆದರಿಕೆ ಉಳಿದಿತ್ತು. ಹಾಗಂತ ಆ ಹದಿನೇಳು ವರ್ಷ ಸುಳ್ಳಾಗಿರಲಿಲ್ಲ ಅಲ್ವಾ. ಒಟ್ಟಿಗೆ ಉಂಡರು, ಮಕ್ಕಳನ್ನು ಬೆಳೆಸಿದರು.

ಸಾಸಿವೆ ಕಾಳು · ಮಾರ್ಚ್ 17, ರಾತ್ರಿ 8:10

ಅಕ್ಕ, ನಾನು ಮೊದಲು ಬರೆದದ್ದಕ್ಕೆ ಕ್ಷಮಿಸಿ. ನನಗೆ 22, ನಮ್ಮ ಮನೆಯಲ್ಲಿ ಇಂಥದ್ದು ನೋಡಿಲ್ಲ. ನಮ್ಮ ಯೂತ್ ಗ್ರೂಪಿನಲ್ಲಿ ಒಬ್ಬಳು ಯಾವಾಗಲೂ ಕೂಟ ಮುಗಿದ ಮೇಲೂ ಮನೆಗೆ ಹೋಗಲು ತಡ ಮಾಡುತ್ತಾಳೆ. ಇದನ್ನೆಲ್ಲ ಓದಿದ ಮೇಲೆ ಯಾಕಿರಬಹುದು ಅಂತ ಯೋಚನೆ ಬಂತು. ಕೇಳಲು ಹೋಗುವುದಿಲ್ಲ, ಸುಮ್ನೆ ಅವಳ ಜೊತೆ ಕೂತಿರುತ್ತೇನೆ.

ಗೋಕುಲ್ ರೋಡ್ ಫಿಟ್ಟರ್ · ಮೇ 20, ರಾತ್ರಿ 11:15

ತುಂಬಾ ದಿನ ಆಯಿತು. ಭಾವನವರಿಗೆ ಫೋನ್ ಮಾಡಿದ್ದೆ. ಆ ಕಡೆಯಿಂದ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ "ಬಾ, ಆದರೆ ಬೇಗ ಹೋಗು" ಅಂದರು. ಹಾಗೇ ಮಾಡಿದೆ. ಊಟಕ್ಕೆ ನನ್ನ ಪಕ್ಕ ಯಾರೂ ಕೂರಲಿಲ್ಲ, ರೈಲ್ವೆ ಹಿರಿಯರು ಗುರುವಾರ ಹೇಳಿದ್ದು ನೆನಪು ಮಾಡಿಕೊಂಡು ಊಟ ಮಾಡಿದೆ. ಅಷ್ಟರಲ್ಲಿ ಮಗಳು ತನ್ನ ತಟ್ಟೆ ತಂದು ಪಕ್ಕ ಕೂತಳು. ಮಾತಾಡಲಿಲ್ಲ, ಹಪ್ಪಳ ಮಾತ್ರ ನನ್ನ ತಟ್ಟೆಗೆ ಹಾಕಿದಳು. ಅವಳಿಗೆ ಹಪ್ಪಳ ಇಷ್ಟವಿಲ್ಲ.

ನಿನ್ನೆ ಮತ್ತೆ ಲೇಟಾಯಿತು. ಫೋರ್‌ಮನ್ ಫೋನಿನಿಂದ ಮನೆಗೆ ಹೇಳಿಸಿದ್ದೆ. ಹೆಂಡತಿ ಬಾಗಿಲು ತೆಗೆದಾಗ ನಾನೇ ಹೊಸ್ತಿಲಲ್ಲಿ ಒಂದು ಕ್ಷಣ ನಿಂತೆ, ಅವಳು ನೋಡಿಕೊಳ್ಳಲಿ ಅಂತ. ನೋಡಿದಳು. ಡಬ್ಬಿ ಇಸಿದುಕೊಂಡು ಒಳಗೆ ಹೋದಳು. ಸೊಟ್ಟ ಆಗಿದ್ದ ಅದೇ ಡಬ್ಬಿ, ಕೆಲಸದ ಜಾಗದಲ್ಲಿ ತಟ್ಟಿ ಸರಿ ಮಾಡಿದ್ದೇನೆ, ಮುಚ್ಚಳ ಈಗ ಕೂರುತ್ತದೆ.

ಆರು ದಿನದ ತಮ್ಮ ಎಲ್ಲಿದ್ದೀಯ?

ಆರು ದಿನ · ಮೇ 20, ರಾತ್ರಿ 11:48

ಇಲ್ಲೇ ಇದ್ದೇನೆ ಅಣ್ಣ. ಎಪ್ಪತ್ತಮೂರು. ಹಿಂದಿನ ಬೆಂಚು ನನ್ನದೇ ಆಗಿಬಿಟ್ಟಿದೆ, ಹೋದ ಭಾನುವಾರ ಒಬ್ಬ ಅಜ್ಜ ಬಂದು ಪಕ್ಕಕ್ಕೆ ಸರಿ ಅಂದರು.